ಮೊದಲು ನೀರು, ಅನಂತರ ಆಮ್ಲ

ರಸಾಯನಶಾಸ್ತ್ರದ ಪ್ರಯೋಗಾಲಯಕ್ಕೆ ಮೊದಲ ಸಲ ಬಂದ ವಿದ್ಯಾರ್ಥಿಯ ಕೈಗೆ ಸಾಂದ್ರ ಗಂಧಕಾಮ್ಲದ ಸೀಸೆಯನ್ನು ಕೊಟ್ಟು ನೋಡಿದರೆ ಅವನು ಮೊಟ್ಟಮೊದಲು ಬೆರಗಾಗುವುದು ಅದರ ಭಾರಕ್ಕೆ. ಅರ್ಧ ಲೀಟರು ನೀರು ಅರ್ಧ ಕಿಲೋ ತೂಗುವುದೆಂದು ಅನುಭವದಿಂದ ಬಲ್ಲ ಅವನ ಕೈ, ನೋಟಕ್ಕೆ ನೀರಿನಂತೆಯೇ ನಿರ್ವರ್ಣವಾಗಿ, ವಾಸನೆಯೂ ಇಲ್ಲದೆ, ತುಸು ಎಣ್ಣೆಯಂತೆ ಮಂದವಾಗಿ ತುಳುಕುವ ಈ ದ್ರವವು ಅಷ್ಟೇ ಅಳತೆಗೆ ಒಂಬೈನೂರು ಗ್ರಾಮಿಗೂ ಮಿಕ್ಕಿ ತೂಗೀತೆಂದು ಎಣಿಸಿರುವುದಿಲ್ಲವಾದ್ದರಿಂದ, ಸೀಸೆಯು ಒಂದು ಕ್ಷಣ ಕೆಳಕ್ಕೆ ಜಗ್ಗುತ್ತದೆ. ಮೂವತ್ತು ವರ್ಷಗಳಿಗೂ ಮೀರಿದ ಅಧ್ಯಾಪಕ ವೃತ್ತಿಯಲ್ಲಿ ಆ ಕ್ಷಣವನ್ನು ನಾನು ಬಹಳ ಸಲ ಕಂಡಿದ್ದೇನೆ. ಕಂಡಾಗಲೆಲ್ಲ ನನ್ನ ಕೈ ತಾನಾಗಿಯೇ ಸೀಸೆಯ ತಳಕ್ಕೆ ಹೋಗಿದೆ.

ಹಳ್ಳಿಯವರ ಬಾಯಲ್ಲಿ ಬರಿಯ ‘ಆಸಿಡ್’ ಎನಿಸಿಕೊಳ್ಳುವ ಈ ವಸ್ತು, ಶೇಕಡಾ 98ರಷ್ಟು ಸಾಂದ್ರವಾಗಿರುವಾಗ, ನೀರಿಗಾಗಿ ತೀರದ ತೃಷೆಯುಳ್ಳದ್ದು. ಬೀಕರಿನಲ್ಲಿ ನಾಲ್ಕು ಚಮಚ ಸಕ್ಕರೆ ಹಾಕಿ ಅದರ ಮೇಲೆ ಈ ಆಮ್ಲವನ್ನು ಸುರಿದರೆ, ಬಿಳಿಯ ಸಕ್ಕರೆ ಮೊದಲು ಹಳದಿಯಾಗಿ, ಬಳಿಕ ಕಂದಾಗಿ, ಕೊನೆಗೆ ಕಪ್ಪಿಟ್ಟು, ಬೆಂದ ಬೆಲ್ಲದ ವಾಸನೆಯನ್ನೂ ಬಿಸಿ ಹಬೆಯನ್ನೂ ಹೊಮ್ಮಿಸುತ್ತ ಇದ್ದಲಿನ ಕಂಬವಾಗಿ ಬೀಕರಿನ ಅಂಚನ್ನು ದಾಟಿ ಮೇಲೇಳುತ್ತದೆ. ಸಕ್ಕರೆಯಲ್ಲಿ ಅಡಗಿದ್ದ ಜಲಾಂಶವನ್ನು ಆಮ್ಲವು ಕಿತ್ತುಕೊಂಡ ಮೇಲೆ ಉಳಿದದ್ದು ಆ ಇದ್ದಲು. ವಿದ್ಯಾರ್ಥಿಗಳು ಚಪ್ಪಾಳೆ ತಟ್ಟುವುದುಂಟು. ಚಪ್ಪಾಳೆ ನಿಂತ ಮೇಲೆ ನಾನು ಅವರಿಗೆ ಹೇಳುತ್ತಿದ್ದುದು ಒಂದೇ ಮಾತು: ನಿಮ್ಮ ಅಂಗಿಯ ಹತ್ತಿ, ನಿಮ್ಮ ಕೈಯ ಚರ್ಮ, ನಿಮ್ಮ ಕಣ್ಣಿನ ಪಾಪೆ, ಇವೆಲ್ಲವೂ ಈ ಆಮ್ಲದ ಕಣ್ಣಿಗೆ ಸಕ್ಕರೆಯ ಹಾಗೆಯೇ.

ಇಂಥ ಆಮ್ಲವನ್ನು ತಿಳಿಗೊಳಿಸಬೇಕಾದಾಗ ಅನುಸರಿಸತಕ್ಕ ನಿಯಮವನ್ನು ಪಿ.ಯು. ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಯಿಪಾಠ ಮಾಡಿರುತ್ತಾನೆ. ಪಾತ್ರೆಯಲ್ಲಿ ಮೊದಲು ನೀರು ಇರಬೇಕು. ಅದಕ್ಕೆ ಆಮ್ಲವನ್ನು ಗಾಜಿನ ಕಡ್ಡಿಯ ಗುಂಟ ಸಣ್ಣ ಧಾರೆಯಾಗಿ, ಕಲಕುತ್ತ, ತಣಿಯಲು ಬಿಡುತ್ತ ಸೇರಿಸಬೇಕು. ಇದನ್ನು ತಿರುವುಮುರುವು ಮಾಡಿ ಆಮ್ಲದ ಮೇಲೆ ನೀರನ್ನು ಹೊಯ್ದರೆ, ಹಗುರಾದ ನೀರು ಭಾರವಾದ ಆಮ್ಲದ ಮೇಲೆಯೇ ನಿಂತು, ಇವೆರಡೂ ಕೂಡುವಲ್ಲಿ ಹುಟ್ಟುವ ತೀವ್ರವಾದ ಶಾಖಕ್ಕೆ ನಿಂತಲ್ಲಿಯೇ ಕುದಿದು, ಕಾದ ಎಣ್ಣೆಗೆ ಬಿದ್ದ ನೀರಿನ ಹನಿಯಂತೆ ಆಮ್ಲವನ್ನೂ ಕೂಡಿಕೊಂಡು ಮುಖಕ್ಕೆ ಸಿಡಿಯುತ್ತದೆ. ಮೊದಲು ನೀರು, ಅನಂತರ ಆಮ್ಲ. ಬೀಕರಿಗಾಗಿ ಹೇಳಿದ ಈ ಮಾತನ್ನು ವಿಜಯಪುರ ಜಿಲ್ಲೆಯ ನಮ್ಮ ನಾಲ್ಕು ತಾಲ್ಲೂಕುಗಳ ಎಲ್ಲ ಪ್ರಯೋಗಾಲಯಗಳ ಆಡಳಿತಕ್ಕೂ ಅನ್ವಯಿಸಬೇಕೆಂಬುದೇ ನನ್ನ ವಾದ: ನೀರಿಲ್ಲದ ಕೋಣೆಗೆ ಆಮ್ಲದ ಸೀಸೆಯನ್ನು ಒಯ್ಯಕೂಡದು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಊರುಗಳ ಹೆಸರನ್ನು ಒಟ್ಟಿಗೆ ಉಚ್ಚರಿಸಿದೊಡನೆ ಹೊರಗಿನವರಿಗೆ ನೆನಪಾಗುವುದು ಬಸವಣ್ಣನವರ ಜನ್ಮಭೂಮಿ, ಇಂಡಿಯ ನಿಂಬೆ, ಎರೆಹೊಲದ ಬಿಳಿಜೋಳ. ಇಲ್ಲಿ ಬಾಳುವವರಿಗೆ ನೆನಪಾಗುವುದು ನೀರು. ಬಡಗಣ ಅಂಚಿನಲ್ಲಿ ಭೀಮೆ, ತೆಂಕಣ ಅಂಚಿನಲ್ಲಿ ಕೃಷ್ಣೆ, ನಡುವೆ ಉಪ್ಪುಪ್ಪಾದ ನೀರಿನ ಡೋಣಿ. ಹಳೆಯ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 1964ರಲ್ಲಿ ಶಂಕುಸ್ಥಾಪನೆಯಾದ ಅಣೆಕಟ್ಟಿನ ಹಿಂದೆ ಇಂದು ಸಮುದ್ರದಂತೆ ಜಲರಾಶಿ ನಿಂತಿದೆ. ಕಾಲುವೆಗಳು ಬಂದಿವೆ, ಕೆರೆಗಳು ತುಂಬಿವೆ, ಇದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೂ ಬೇಸಗೆ ಬಂತೆಂದರೆ ನಿಂಬೆಯ ಗಿಡಗಳನ್ನು ಉಳಿಸಿಕೊಳ್ಳಲು ಟ್ಯಾಂಕರಿನಲ್ಲಿ ನೀರು ಹೊಡೆಸುವ ರೈತರು ಇನ್ನೂ ಇದ್ದಾರೆ, ನಳಕ್ಕೆ ನೀರು ಯಾವಾಗ ಬಿಟ್ಟಾರೆಂದು ಕೊಡಗಳನ್ನು ಸಾಲಿಟ್ಟು ಕಾಯುವ ಓಣಿಗಳು ಇನ್ನೂ ಇವೆ. ಕಾಲುವೆಯ ನೀರು ಹೊಲಕ್ಕೆ ಬಂದಷ್ಟು ಸಲೀಸಾಗಿ ಕಾಲೇಜಿನ ಪ್ರಯೋಗಾಲಯದ ನಳಕ್ಕೆ ಬಂದಿಲ್ಲ. ಪಿ.ಯು. ಪ್ರಾಯೋಗಿಕ ಪರೀಕ್ಷೆಗಳು ನಡೆಯುವುದೂ ಚಳಿ ಕಳೆದು ಬಾವಿ ಬೋರುಗಳ ನೀರು ಇಳಿಯತೊಡಗುವ ಕಾಲದಲ್ಲಿಯೇ.

ನಾನು ಕಂಡದ್ದೊಂದನ್ನು ಹೇಳುತ್ತೇನೆ. ಈ ನಾಲ್ಕು ಊರುಗಳಲ್ಲೊಂದರ ಕಾಲೇಜು, ಯಾವುದೆಂಬುದು ಬೇಡ. ಆ ದಿನ ನೈಟ್ರೇಟನ್ನು ಗುರುತಿಸುವ ಕಂದು ಉಂಗುರದ ಪರೀಕ್ಷೆ ನಡೆದಿತ್ತು. ಲವಣದ ದ್ರಾವಣಕ್ಕೆ ಆಗತಾನೆ ಕರಗಿಸಿದ ಫೆರಸ್ ಸಲ್ಫೇಟನ್ನು ಸೇರಿಸಿ, ಟೆಸ್ಟ್ ಟ್ಯೂಬನ್ನು ಓರೆ ಹಿಡಿದು, ಅದರ ಒಳಗೋಡೆಯ ಗುಂಟ ಸಾಂದ್ರ ಗಂಧಕಾಮ್ಲವನ್ನು ಹನಿಹನಿಯಾಗಿ ಇಳಿಬಿಟ್ಟರೆ, ಎರಡು ದ್ರವಗಳು ಸಂಧಿಸುವ ಗಡಿಯಲ್ಲಿ ಬಳೆಯಷ್ಟು ತೆಳ್ಳನೆಯ ಕಂದು ಉಂಗುರವೊಂದು ಮೂಡುತ್ತದೆ. ರಸಾಯನಶಾಸ್ತ್ರದಲ್ಲಿ ಇದಕ್ಕಿಂತ ಚೆಲುವಾದ ಪರೀಕ್ಷೆ ಕಡಿಮೆ. ಪಕ್ಕದವನ ಮೊಣಕೈ ತಗುಲಿ ಹುಡುಗಿಯೊಬ್ಬಳ ಮುಂಗೈಯ ಮೇಲೆ ಆಮ್ಲ ಹರಿಯಿತು. ಅವಳು ಮೊದಲು ಕೂಗಲಿಲ್ಲ. ಎಣ್ಣೆ ಬಿದ್ದಂತೆ ನೋಡುತ್ತ ನಿಂತಳು, ಎರಡು ಕ್ಷಣ ಕಳೆದ ಮೇಲೆ ಚೀರಿದಳು. ನಾನು ನಳ ತಿರುವಿದೆ. ಗಾಳಿ ಬುಸುಗುಟ್ಟಿತು, ನೀರು ಬರಲಿಲ್ಲ. ಬುದ್ಧಿ ತೋಚದೆ ಕಪಾಟಿನಿಂದ ಅಡುಗೆ ಸೋಡಾದ ಡಬ್ಬಿಗೆ ಕೈಹಾಕಿದೆ. ಆಗ ಬಾಗಿಲಲ್ಲಿದ್ದ ನಮ್ಮ ಅಟೆಂಡರ್, ಮೆಟ್ರಿಕ್ ಮುಟ್ಟದ ಮನುಷ್ಯ, ವರಾಂಡದಲ್ಲಿ ಕುಡಿಯಲೆಂದು ಇಟ್ಟಿದ್ದ ಹರವಿಯನ್ನೇ ಎತ್ತಿಕೊಂಡು ಬಂದು, “ಸರ, ಸೋಡಾ ಬ್ಯಾಡ್ರಿ, ಮೊದಲ ನೀರ ಹಾಕೂಣು. ತಂಗೀ, ಕೈ ಕೆಳಗ ಮಾಡವಾ,” ಎಂದು, ತೊಳೆದ ನೀರು ಮೊಣಕೈಯ ಕಡೆಗೆ ಹರಿಯದಂತೆ ಅವಳ ಕೈಯನ್ನು ಇಳಿಬಿಡಿಸಿ, ಸಮನಾದ ಧಾರೆಯಾಗಿ ನೀರು ಸುರಿಯತೊಡಗಿದ. ಹುಡುಗರು ಎದುರಿನ ಚಹಾದಂಗಡಿಗೂ ಆಚೆಮನೆಯ ಹೌದಿಗೂ ಓಡಿ ಕೊಡಗಳಲ್ಲಿ ನೀರು ತಂದರು. ಇಪ್ಪತ್ತು ನಿಮಿಷ, ಹನ್ನೊಂದು ಕೊಡ. ಅವಳಿಗೆ ಉಳಿದದ್ದು ಹುಣಸೆಬೀಜದಷ್ಟು ಒಂದು ಕಲೆ.

ಆ ಮನುಷ್ಯನು ಮಾಡಿದ್ದೇ ಶಾಸ್ತ್ರಸಮ್ಮತವಾದದ್ದು. ಸೋಡಾ ಆಮ್ಲವನ್ನು ಕೊಲ್ಲುತ್ತದೆ, ನಿಜ; ಆದರೆ ಚರ್ಮದ ಮೇಲೆಯೇ ಆ ಕೊಲೆ ನಡೆದರೆ ಅಲ್ಲಿ ಹುಟ್ಟುವ ಶಾಖವನ್ನು ತಾಳಬೇಕಾದದ್ದೂ ಚರ್ಮವೇ, ಅಷ್ಟರಲ್ಲಿ ಕಳೆದುಹೋಗುವ ಕಾಲವನ್ನು ತುಂಬಿಕೊಡುವವರೂ ಇಲ್ಲ. ಹಾಗಾದರೆ ಆಮ್ಲಕ್ಕೆ ನೀರು ಹಾಕಬಾರದೆಂಬ ನಿಯಮ ಎಲ್ಲಿ ಹೋಯಿತೆಂದು ಜಾಣ ವಿದ್ಯಾರ್ಥಿಗಳು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆ ಅದು. ಸ್ವಲ್ಪ ನೀರು ಶಾಖವನ್ನು ಹುಟ್ಟಿಸುತ್ತದೆ, ಹೇರಳವಾದ ನೀರು ಆ ಶಾಖವನ್ನೂ ಆಮ್ಲವನ್ನೂ ಒಟ್ಟಿಗೆ ಹೊತ್ತೊಯ್ಯುತ್ತದೆ ಎಂಬುದೇ ಉತ್ತರ. ಒದ್ದೆ ಬಟ್ಟೆಯಿಂದ ಒರೆಸುವುದು, ಚೊಂಬಿನಲ್ಲಿ ನಾಲ್ಕು ಹನಿ ಚಿಮುಕಿಸುವುದು ಉಪಚಾರವಲ್ಲ. ಆಮ್ಲ ತಾಗಿದ ಅರಿವೆಯನ್ನು ನಾಚಿಕೆಗೆ ಎಡೆಗೊಡದೆ ಒಡನೆಯೇ ಕಳಚಬೇಕು, ಯಾತಕ್ಕೆಂದರೆ ಬಟ್ಟೆಯೊಳಗೆ ಹಿಡಿದ ಆಮ್ಲವು ಮೈಗೆ ಅಂಟಿಕೊಂಡು ಸುಡುತ್ತಲೇ ಇರುತ್ತದೆ. ಹುಡುಗಿಯರಿಗಾಗಿ ಪ್ರಯೋಗಾಲಯದಲ್ಲಿ ಒಂದು ದುಪ್ಪಟಿಯೋ ಚಾದರವೋ ಯಾವಾಗಲೂ ಮಡಿಚಿಟ್ಟಿರಬೇಕು. ಅರಿಷಿಣ, ತುಪ್ಪ, ಹಲ್ಲುಜ್ಜುವ ಪೇಸ್ಟು, ಮಸಿ ಇವುಗಳನ್ನು ಹಚ್ಚಿದರೆ ವೈದ್ಯರು ಮತ್ತೆ ಅದನ್ನೆಲ್ಲ ತೊಳೆಯಬೇಕಾಗುತ್ತದೆ, ನೋವು ಇಮ್ಮಡಿಯಾಗುತ್ತದೆ. ಕಣ್ಣಿಗೆ ಸಿಡಿದಿದ್ದರೆ, ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು, ತಲೆಯನ್ನು ನೊಂದ ಕಣ್ಣಿನ ಕಡೆಗೆ ವಾಲಿಸಿ, ಮೂಗಿನ ಪಕ್ಕದಿಂದ ಕಿವಿಯ ಕಡೆಗೆ ನೀರು ಹರಿಯುವಂತೆ ತೊಳೆಯಬೇಕು. ನೋಯದ ಕಣ್ಣಿಗೆ ಆ ನೀರು ಹೋಗಬಾರದು. ಬಾಯೊಳಗೆ ಹೋಗಿದ್ದರೆ ವಾಂತಿ ಮಾಡಿಸಕೂಡದು. ಇಳಿಯುವಾಗ ಒಮ್ಮೆ ಸುಟ್ಟ ಗಂಟಲನ್ನು ಏರುವಾಗ ಇನ್ನೊಮ್ಮೆ ಸುಟ್ಟಂತಾಗುತ್ತದೆ.

ಇನ್ನು ಎಷ್ಟು ನೀರು? ಅಮೆರಿಕದವರು ಇದಕ್ಕೊಂದು ಮಾನಕವನ್ನೇ ಮಾಡಿಕೊಂಡಿದ್ದಾರೆ. ಕಣ್ಣು ತೊಳೆಯುವ ಸಾಧನವು ನಿಮಿಷಕ್ಕೆ 1.5 ಲೀಟರಿನಂತೆ ಹದಿನೈದು ನಿಮಿಷ ಹರಿಯಬೇಕು, ಮೈಮೇಲೆ ಸುರಿಯುವ ಜಲಧಾರೆ ನಿಮಿಷಕ್ಕೆ 75 ಲೀಟರಿನಂತೆ ಹದಿನೈದು ನಿಮಿಷ ಸುರಿಯಬೇಕು, ಅಪಾಯಕ್ಕೊಳಗಾದವನು ಹತ್ತು ಸೆಕೆಂಡಿನೊಳಗೆ ಅಲ್ಲಿಗೆ ತಲುಪಬೇಕು. ಇದನ್ನು ನಮ್ಮ ಲೆಕ್ಕಕ್ಕೆ ತಿರುಗಿಸಿ ನೋಡೋಣ. ನಮ್ಮ ಓಣಿಯ ಪ್ಲಾಸ್ಟಿಕ್ ಕೊಡ ಹದಿನೈದು ಲೀಟರಿನದೆಂದು ಹಿಡಿದರೆ, ಒಂದು ಕಣ್ಣಿಗೆ ಒಂದೂವರೆ ಕೊಡ, ಒಂದು ಮೈಗೆ ಎಪ್ಪತ್ತೈದು ಕೊಡ. ಎಪ್ಪತ್ತೈದು ಕೊಡವೆಂದರೆ ಸಾವಿರ ಲೀಟರಿನ ಸಿಂಟೆಕ್ಸ್ ಟ್ಯಾಂಕಿಗಿಂತ ಒಂದಿಷ್ಟು ಹೆಚ್ಚು. ಬೇಸಗೆಯಲ್ಲಿ ಒಂದು ಸಂಸಾರ ಹಲವು ದಿನ ಬಾಳುವ ನೀರು ಅದು. ಪ್ರಯೋಗಾಲಯಕ್ಕೆಂದೇ ಒಂದು ಟ್ಯಾಂಕನ್ನು ಮೀಸಲಿಟ್ಟು, ಅದರ ನೀರನ್ನು ಬೇರೆ ಯಾವ ಕೆಲಸಕ್ಕೂ ಮುಟ್ಟದೆ ತುಂಬಿಸಿಡಿರೆಂದು ಕೇಳಿದರೆ ಅತಿಯಾಯಿತೆಂದು ಕೆಲವರಿಗೆ ತೋರಬಹುದು. ಆದರೆ ಒಂದು ಒಳ್ಳೆಯ ತಕ್ಕಡಿಗೆ ಬೀಳುವುದಕ್ಕಿಂತ ಕಡಿಮೆ ಖರ್ಚಿನ ಮಾತು ಅದು.

ಅದೇ ಮಾನಕದಲ್ಲಿ ಇನ್ನೊಂದು ಅಂಶವಿದೆ. ಅದನ್ನು ಓದಿದಾಗ ನನಗೆ ನಮ್ಮ ಊರಿನ ಮಾಳಿಗೆಗಳು ಕಣ್ಣಮುಂದೆ ಬಂದವು. ತೊಳೆಯುವ ನೀರು 16ರಿಂದ 38 ಡಿಗ್ರಿ ಸೆಲ್ಸಿಯಸ್ಸಿನ ನಡುವೆ ಇರಬೇಕಂತೆ. ಏಪ್ರಿಲ್ ಮಧ್ಯಾಹ್ನ ಇಂಡಿಯಲ್ಲಿಯೋ ಸಿಂದಗಿಯಲ್ಲಿಯೋ ಮಾಳಿಗೆಯ ಮೇಲಿನ ಕರಿಯ ಟ್ಯಾಂಕಿನ ನಳ ಬಿಟ್ಟು ಕೈಯೊಡ್ಡಿದವರಿಗೆ ಆ ನೀರು ಎಷ್ಟು ಕಾದಿರುತ್ತದೆಂದು ಹೇಳಬೇಕಾಗಿಲ್ಲ. ಸುಟ್ಟ ಕಣ್ಣನ್ನು ಆ ನೀರಿನಿಂದ ಹದಿನೈದು ನಿಮಿಷ ತೊಳೆಯಲಾಗದು. ಆದಕಾರಣ ಟ್ಯಾಂಕಿಗೆ ನೆರಳು ಬೇಕು, ಇಲ್ಲವೆ ಅದು ಕೋಣೆಯ ಬಡಗಣ ಗೋಡೆಗೆ ಒತ್ತಿಕೊಂಡು ಎತ್ತರದ ಕಟ್ಟೆಯ ಮೇಲೆ ಇರಬೇಕು. ಪರದೇಶದ ಮಾನಕವನ್ನು ಇದ್ದಕ್ಕಿದ್ದಂತೆ ತಂದು ಗೋಡೆಗೆ ಅಂಟಿಸಿದರೆ ಸಾಲದು, ನಮ್ಮ ಬಿಸಿಲಿಗೆ ಅದನ್ನು ಹೊಂದಿಸುವ ವಿವೇಕ ನಮ್ಮದೇ ಆಗಬೇಕು.

ಕಾನೂನು ಈ ಆಮ್ಲವನ್ನು ಕಡೆಗಣಿಸಿದೆಯೆಂದು ಯಾರೂ ದೂರುವಂತಿಲ್ಲ. 1999ರಲ್ಲಿ ಬೆಂಗಳೂರಿನ ತರುಣಿಯೊಬ್ಬಳ ಮೇಲೆ ಆಮ್ಲ ಸುರಿದು ಅವಳ ದೃಷ್ಟಿಯನ್ನೇ ಕಸಿದವನಿಗೆ ನಮ್ಮ ಉಚ್ಚ ನ್ಯಾಯಾಲಯವು 2006ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಆಮ್ಲದಾಳಿಗೆ ತುತ್ತಾದ ಲಕ್ಷ್ಮಿಯವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2013ರ ಜುಲೈ 18ರಂದು ಕೊಟ್ಟ ಆದೇಶದಂತೆ, ಅಂಗಡಿಯವನು ಕೊಳ್ಳುವವನ ವಿಳಾಸವನ್ನೂ ಉದ್ದೇಶವನ್ನೂ ಬರೆದಿಡಬೇಕು, ಗುರುತಿನ ಪತ್ರ ನೋಡಬೇಕು, ಹದಿನೆಂಟು ತುಂಬದವರಿಗೆ ಮಾರಕೂಡದು. ವಿದ್ಯಾಸಂಸ್ಥೆಗಳು ಆಮ್ಲದ ಬಳಕೆಗೆ ರಿಜಿಸ್ಟರು ಇಟ್ಟು ಉಪವಿಭಾಗದ ದಂಡಾಧಿಕಾರಿಯಾದ ಅಸಿಸ್ಟೆಂಟ್ ಕಮಿಷನರಿಗೆ (ಎ.ಸಿ.) ಸಲ್ಲಿಸಬೇಕು, ಆಮ್ಲದ ಸುರಕ್ಷಿತ ಸಂಗ್ರಹಕ್ಕೆ ಒಬ್ಬರು ಹೊಣೆಗಾರರಾಗಿರಬೇಕು, ಪ್ರಯೋಗಾಲಯದಿಂದ ಹೊರಡುವವರನ್ನು ಪರಿಶೀಲಿಸಬೇಕು. ತಪ್ಪಿದಲ್ಲಿ ಐವತ್ತು ಸಾವಿರ ರೂಪಾಯಿಯವರೆಗೆ ದಂಡ. ಅಗತ್ಯವಾದ, ಮಾನವೀಯವಾದ ಆದೇಶ ಅದು. ಆದರೆ ಆಮ್ಲವು ಕೋಣೆಯಿಂದ ಹೊರಕ್ಕೆ ಹೋಗದಂತೆ ಕಾಯುವ ಆ ರಿಜಿಸ್ಟರಿನಲ್ಲಿ, ಕೋಣೆಯ ಒಳಗೆ ಮಕ್ಕಳ ಕೈಯಲ್ಲಿರುವಾಗ ಅದು ಚೆಲ್ಲಿದರೆ ತೊಳೆಯಲು ನೀರಿದೆಯೇ ಎಂಬ ಕಾಲಮ್ಮು ಇಲ್ಲ. ಇಂಡಿಯಲ್ಲಿಯೂ ವಿಜಯಪುರದಲ್ಲಿಯೂ ಕುಳಿತಿರುವ ಎ.ಸಿ. ಸಾಹೇಬರುಗಳಲ್ಲಿ ನನ್ನ ಬಿನ್ನಹವಿಷ್ಟೆ: ಆಮ್ಲದ ಲೆಕ್ಕದ ಪಕ್ಕದಲ್ಲಿ ನೀರಿನ ಲೆಕ್ಕವನ್ನೂ ಕೇಳಿರಿ. ಪ್ರಾಯೋಗಿಕ ಪರೀಕ್ಷೆಯ ದಿನ ಹೊರಗಿನಿಂದ ಬರುವ ಪರೀಕ್ಷಕರು ಮೂವತ್ತು ಅಂಕಗಳನ್ನು ಹಂಚುವ ಮೊದಲು ನಳವನ್ನು ತಿರುವಿ ನೋಡಲಿ. ನೀರು ಬಾರದಿದ್ದರೆ ಸಾಂದ್ರ ಆಮ್ಲದ ಸೀಸೆಯ ಮುಚ್ಚಳವನ್ನು ಅಂದು ತೆರೆಯುವುದು ಬೇಡ. ಮಕ್ಕಳಿಗೆ ಇದರಿಂದ ನಷ್ಟವಾಗುವುದೆಂದು ಹೇಳುವವರಿಗೆ, ಪರ್ಮಾಂಗನೇಟಿನ ಅನುಮಾಪನಕ್ಕೆ ಬೇಕಾಗುವುದು ತಿಳಿಯಾದ ಆಮ್ಲವೇ ಹೊರತು ಸಾಂದ್ರ ಆಮ್ಲವಲ್ಲವೆಂಬುದನ್ನು ನೆನಪಿಸುತ್ತೇನೆ. ಅಷ್ಟನ್ನು ಅಧ್ಯಾಪಕರೇ ನೀರಿದ್ದ ದಿನ ಮೊದಲೇ ಮಾಡಿಟ್ಟುಕೊಳ್ಳಬಹುದು.

ಉಳಿದ ಎಚ್ಚರಗಳು ದೊಡ್ಡವಲ್ಲ, ದುಬಾರಿಯವೂ ಅಲ್ಲ. ಸೀಸೆಗಳು ಕಣ್ಣೆತ್ತರಕ್ಕಿಂತ ಕೆಳಗಿನ ಹಲಗೆಯಲ್ಲಿ, ಪ್ಲಾಸ್ಟಿಕ್ ತಟ್ಟೆಯೊಳಗೆ ಇರಬೇಕು. ಕ್ಷಾರಗಳಿಂದಲೂ, ಕ್ಲೋರೇಟು ಪರ್ಮಾಂಗನೇಟುಗಳಿಂದಲೂ ದೂರವಿರಬೇಕು, ಏಕೆಂದರೆ ಸಾಂದ್ರ ಗಂಧಕಾಮ್ಲವೂ ಪರ್ಮಾಂಗನೇಟಿನ ಹರಳೂ ಕೂಡಿದರೆ ಸ್ಫೋಟಿಸುವ ವಸ್ತು ಹುಟ್ಟುತ್ತದೆ. ನೆಲಕ್ಕೆ ಚೆಲ್ಲಿದರೆ ಹುಡುಗರನ್ನು ದೂರ ಸರಿಸಿ, ಒಣಮರಳಿನಿಂದ ಒಡ್ಡು ಕಟ್ಟಿ, ಮೇಲೆ ವಾಷಿಂಗ್ ಸೋಡಾವನ್ನು ನೊರೆ ಏಳುವುದು ನಿಲ್ಲುವತನಕ ನಿಧಾನವಾಗಿ ಉದುರಿಸಬೇಕು. ಸೋಡಾದ ಡಬ್ಬಿಗೆ ಯೋಗ್ಯವಾದ ಸ್ಥಳ ನೆಲ, ಮೈಯಲ್ಲ. ಮರದ ಹೊಟ್ಟನ್ನೂ ಹಳೆಯ ಬಟ್ಟೆಯನ್ನೂ ಹಾಕಕೂಡದು. ಬಾಯಿಂದ ಪಿಪೆಟ್ಟು ಹೀರುವ ಹಳೆಯ ಚಾಳಿ ನಾವು ಕಲಿತದ್ದು, ನಾವು ಕಲಿಸಿದ್ದು. ಅದನ್ನು ನಾವೇ ಬಿಡಿಸಬೇಕು. ಕಣ್ಣಿಗೆ ಕನ್ನಡಕ, ಕಾಲಿಗೆ ಚಪ್ಪಲಿಯ ಬದಲು ಬೂಟು, ಬಿಗಿದು ಕಟ್ಟಿದ ಜಡೆ, ಹೆಗಲಿನ ಮೇಲೆ ಹಾರಾಡದ ವೇಲು.

ಪ್ರಯೋಗಾಲಯವೆಂಬ ಫಲಕವಿಲ್ಲದ ಪ್ರಯೋಗಾಲಯಗಳೂ ನಮ್ಮ ಹಳ್ಳಿಗಳಲ್ಲಿವೆ. ಹಾಲಿನ ಡೇರಿಗಳಲ್ಲಿ ಈಗ ವಿದ್ಯುತ್ ಯಂತ್ರಗಳು ಬಂದಿವೆಯಾದರೂ, ಸ್ವಿಟ್ಜರ್ಲೆಂಡಿನ ಗೆರ್ಬರ್ ಹೇಳಿಕೊಟ್ಟ ವಿಧಾನದಲ್ಲಿ ಕೊಬ್ಬನ್ನು ಅಳೆಯುವಲ್ಲೆಲ್ಲ, ಬ್ಯುಟಿರೋಮೀಟರೆಂಬ ಗಾಜಿನ ನಳಿಗೆಗೆ ಹತ್ತು ಮಿಲಿಲೀಟರು ಗಂಧಕಾಮ್ಲ, 10.75 ಮಿಲಿಲೀಟರು ಹಾಲು, ಒಂದು ಮಿಲಿಲೀಟರು ಅಮೈಲ್ ಆಲ್ಕೊಹಾಲ್ ಹಾಕಿ, ಬಿರಟೆ ಒತ್ತಿ ಅಲುಗಾಡಿಸುವ ಕೆಲಸವಿದೆ. ಬಿಸಿಯಾದ ಆ ನಳಿಗೆಯನ್ನು ಬರಿಗೈಯಲ್ಲಿ ಹಿಡಿದು, ಬಾಯಿ ತನ್ನ ಮುಖದ ಕಡೆಗಿದೆಯೆಂಬುದರ ಪರಿವೆಯಿಲ್ಲದೆ ಅಲುಗಾಡಿಸುವ ಹುಡುಗನನ್ನು ನಾನು ನೋಡಿದ್ದೇನೆ. ಬಿರಟೆ ಹಾರಿದ್ದರೆ ಅವನ ಗತಿಯೇನು? ಅವನಿಗೆ ದಪ್ಪ ಬಟ್ಟೆಯನ್ನೂ ಕನ್ನಡಕವನ್ನೂ ಕೊಡುವುದು ಹಾಲಿನ ಸಂಘದ ಕರ್ತವ್ಯ. ಪಾಯಖಾನೆ ತೊಳೆಯುವ ಆಸಿಡ್ಡನ್ನು ಸರಬತ್ತಿನ ಖಾಲಿ ಬಾಟಲಿಯಲ್ಲಿ ತುಂಬಿ ಒಲೆಯ ಪಕ್ಕದಲ್ಲಿ ಇಡುವ ಮನೆಗಳಿಗೂ ಇದೇ ಮಾತು ಸಲ್ಲುತ್ತದೆ. ಎಲೆಯಡಿಕೆಯ ಸುಣ್ಣವನ್ನು ನಿರಪಾಯವೆಂದು ಬಗೆಯುವ ಹಿರಿಯರಿಗೆ ಮತ್ತೊಂದು ಮಾತು: ಕಣ್ಣಿನ ಮಟ್ಟಿಗೆ ಕ್ಷಾರವು ಆಮ್ಲಕ್ಕಿಂತ ಕ್ರೂರಿ, ಅದು ಒಳಕ್ಕೆ ಇಳಿಯುತ್ತಲೇ ಹೋಗುತ್ತದೆ. ಸುಣ್ಣದ ಪೊಟ್ಟಣವನ್ನು ಮಗು ಹಿಸುಕಿ ಕಣ್ಣಿಗೆ ಸಿಡಿಸಿಕೊಂಡರೆ ಅಲ್ಲಿಯೂ ಮೊದಲ ವೈದ್ಯ ನೀರೇ.

ಈ ಊರುಗಳಿಂದ ವಿಜಯಪುರದ ದೊಡ್ಡ ಆಸ್ಪತ್ರೆಗಳನ್ನು ಮುಟ್ಟಲು ಒಂದು ಗಂಟೆಯಾದರೂ ಬೇಕು. 2008ರಲ್ಲಿ ಬಂದ 108ರ ವಾಹನ ನಮ್ಮ ತಾಲ್ಲೂಕುಗಳಿಗೆ ಮಾಡಿದ ಉಪಕಾರ ದೊಡ್ಡದು. ಆದರೆ ಅದು ಬರುವವರೆಗೆ ಸುಮ್ಮನೆ ದಾರಿ ನೋಡುವುದಾಗಲಿ, ತೊಳೆಯದೆ ಯಾವುದೋ ಜೀಪಿನಲ್ಲಿ ಹಾಕಿಕೊಂಡು ಓಡುವುದಾಗಲಿ ಪ್ರಮಾದ. ಒಬ್ಬರು ಫೋನು ಮಾಡಲಿ, ಉಳಿದವರು ನೀರು ಸುರಿಯಲಿ. ಯಾವ ಆಮ್ಲವೆಂಬುದನ್ನು ಚೀಟಿಯಲ್ಲಿ ಬರೆದು ಜೊತೆಗೆ ಕಳಿಸಲಿ.

ಆ ಘಟನೆಯಾದ ಮೇಲೆ ನಮ್ಮ ಅಟೆಂಡರ್ ತನ್ನದೇ ಒಂದು ಪದ್ಧತಿಯನ್ನು ಮಾಡಿಕೊಂಡ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ, ಯಾವ ಆದೇಶವೂ ಇರಲಿಲ್ಲ. ಬೆಳಗ್ಗೆ ಕಾಲೇಜಿಗೆ ಬಂದವನೇ ಹಿಂದಿನ ಬಾವಿಯಿಂದ ಆರು ಕೊಡ ನೀರು ಸೇದಿ ತಂದು, ಪ್ರಯೋಗಾಲಯದ ಗೋಡೆಯ ನೆರಳಿನಲ್ಲಿ ಸಾಲಾಗಿ ಇಟ್ಟು, ಮೇಲೆ ಒದ್ದೆಯ ಗೋಣಿಚೀಲ ಹೊದಿಸುತ್ತಿದ್ದ. ಆಮ್ಲದ ಕಪಾಟಿನ ಬೀಗದ ಕೈ ಅವನ ಉಡಿದಾರದಲ್ಲಿತ್ತು. ಕೊಡಗಳು ತುಂಬುವತನಕ ನಾನು ಕೇಳಿದರೂ ಅವನು ಅದನ್ನು ಬಿಚ್ಚಿ ಕೊಡುತ್ತಿರಲಿಲ್ಲ.